ನಾಕನೇ ಸಾಲು

ತಿಕೋಟಾ ದವಾಖಾನಿ. ಗುರುವಾರ ಸಕ್ಕರಿಯವರ ಪಾಳಿ.
ಮೊಣಕೈ ಊರಿ ಊರಿ ಕಿಟಕಿಯ ಕಟ್ಟಿಗಿ ತೆಗ್ಗು ಬಿದ್ದೈತಿ,
ಅವರ ಕಡೆ ಹೆಚ್ಚು, ನನ್ನ ಕಡೆ ಕಡಿಮಿ.

ಚೀಟಿ ತಗೋತೀನಿ, ಗುಳಿಗಿ ಎಣಸ್ತೀನಿ.
ಮೊದಲ ಮೂರು ಸಾಲು ಎಲ್ಲಾರದೂ ಒಂದ:
ಸಕ್ಕರಿಗೆ ಎರಡು, ಬಿಪಿಗೆ ಒಂದು.
ನಾಕನೇ ಸಾಲು ಕೆಲವರಿಗಷ್ಟ.
ರಾತ್ರಿ ಉಂಡ ಮ್ಯಾಲೆ ಒಂದು, ಸಣ್ಣದು, ಬಿಳೇದು;
ಇನ್ನೂ ಬರಲಾರದ ಎದಿಬ್ಯಾನಿ
ಬರೂದ ಬ್ಯಾಡಂತ ನುಂಗೂದು.

ಮಹಾನಂದಾ ಇಂಗಳೇಶ್ವರ, ಐವತ್ತೆಂಟು, ಸಕ್ಕರಿ ಇನ್ನೂರಾ ಹನ್ನೆರಡು.
ಧಾನಲೀಬಾಯಿ ಚವ್ಹಾಣ, ಐವತ್ತೆಂಟೋ ಅರವತ್ತೋ, ಇನ್ನೂರಾ ನಲವತ್ತು.
ಸಾಲಿ ಬಾಯಾರು ಡಾಕ್ಟರ ಮುಂದ ಕುರ್ಚಿ ಎಳಕೊಂಡು ಕುಂತು
ಪಾದ ಜುಮುಜುಮು ಅನ್ನೂದು, ತಮ್ಮನ ಎದಿಗೆ ಸ್ಪ್ರಿಂಗ್ ಹಾಕಿಸಿದ್ದು,
ಎಲ್ಲಾ ಹೇಳಿ ಮುಗಸೂದರಾಗ ನಾಕನೇ ಸಾಲು ಬಂದಿರತೈತಿ.
ಧಾನಲೀಬಾಯಿ ನಿಂತ ಇರತಾಳ.
ಅಕಿ ಮಾತು ಡಾಕ್ಟರಿಗೆ ಬರೂದಿಲ್ಲ, ಅವರ ಮಾತು ಅಕಿಗೆ ಅರ್ಧ.
ಐದು ಸಲ "ಹೂಂ". ಚೀಟಿ ಹರದು ಕೈಗೆ.

ಡಾಕ್ಟರು ಕೆಟ್ಟವರಲ್ಲ. ಊಟದ ಹೊತ್ತಿಗೆ
ನೂರಾ ಮೂವತ್ತು ಮಂದಿ ನೋಡಿರತಾರ.
ಒಮ್ಮೆ ಕೇಳಿದ್ದೆ. ಪೆನ್ನು ನಿಲ್ಲಸದ ಅಂದ್ರು:
"ತಾಂಡಾದವರು ಮೂರ ಸರಿ ನುಂಗಂಗಿಲ್ಲ, ನಾಕ ಯಾಕ?"
ನಾನೂ ಹೌದಂದೆ. ಪಾಳಿ ಉದ್ದ ಇತ್ತು.

ಮಾರ್ಚದಾಗ ಕಪಾಟು ಖಾಲಿ ಮಾಡೂ ಮುಂದ
ಕೆಳಗಿನ ಫಳಿಯೊಳಗ ಹನ್ನೊಂದು ಡಬ್ಬಿ,
ಸೀಲು ಒಡದಿಲ್ಲ, ಅವಧಿ ಮುಗದೈತಿ.
ಯಾರಿಗೆ ಮುಟ್ಟಿಲ್ಲ ಅಂತ ರಜಿಸ್ಟರ ತಗದು
ಅಡ್ಡಹೆಸರಿನ ಮ್ಯಾಲೆ ಬೆರಳು ಇಟಗೊಂಡು ಹೋದೆ:
ರಾಠೋಡ, ಖಾಲಿ. ಮಾದರ, ಖಾಲಿ. ವಡ್ಡರ, ಖಾಲಿ.
ಮುಲ್ಲಾ, ಒಂದು ತಿಂಗಳು ಕೊಟ್ಟು ಖಾಲಿ.
ನದಾಫ.
ಅಲ್ಲಿ ಬೆರಳು ನಿಂತಿತು.

ನಂದೂ ಅದ ಹೆಸರು.
ಅಪ್ಪಾ ಹದಿಮೂರು ವರ್ಷ ಮೂರ ಗುಳಿಗಿ ನುಂಗಿದ,
ಒಂದು ಹೊತ್ತೂ ತಪ್ಪಿಸಲಿಲ್ಲ.
ಗಾದಿಗೆ ಹತ್ತಿ ತುಂಬೂ ಮುಂದ ಅದರ ಮ್ಯಾಲ ಬಿದ್ದ.
ಮೆತ್ತಗ ಬಿದ್ದಾನಲ್ಲ, ಎದ್ದಾನು ಅಂತ
ಮಂದಿ ಸ್ವಲ್ಪ ಹೊತ್ತು ನೋಡಿದರಂತ.
ಆ ವರ್ಷ ನಾನು ವಿಜಾಪುರದಾಗ ಡಿ.ಫಾರ್ಮಾ ಓದತಿದ್ದೆ.
ನಾಕನೇ ಗುಳಿಗಿ ಪರೀಕ್ಷಾದಾಗ ಬಂದಿತ್ತು.
ಯಾರಿಗೆ ಕೊಡಬೇಕು, ಎಷ್ಟು, ಯಾವಾಗ:
ಹತ್ತಕ್ಕ ಒಂಬತ್ತು.
ಮನಿಗೆ ಫೋನ ಮಾಡಿದಾಗ ಮಾರ್ಕ್ಸ ಹೇಳಿದೆ.

ಮುಂದಿನ ಗುರುವಾರ ಚೀಟಿ ಹಿಂದ ಪೆನ್ಸಿಲಿನಿಂದ ಬರದೆ:
"ಸರ, ಇವರಿಗೆ ನಾಕನೇದು?"
ಧಾನಲೀಬಾಯಿಗೆ ಮತ್ತ ಪಾಳಿ ಹಚ್ಚಂದೆ.
ಮಣೂಕ ಆರಿಸೂ ಶೆಡ್ಡಿನ ಗಾಡಿ ತಪ್ಪಿದರ
ಅರ್ಧಾ ಪಗಾರ ಹೋತು. ಸಿಟ್ಟಾದಳು.
"ನನ್ನ ಎದಿ ನೋಯಂಗಿಲ್ಲಲ್ಲ, ಅದಕ್ಯಾಕ ಗುಳಿಗಿ?"
ನಾನು ನೆತ್ತರದ ಕೊಳವಿ, ಕೊಬ್ಬು, ಅದು ಗ್ವಾಡಿಗೆ ಹತ್ತೂದು,
ಏನೇನೋ ಹೇಳಾಕ ಹತ್ತಿದೆ. ಅಕಿ ನಡುವ ತಡದು,
"ದ್ರಾಕ್ಷಿಗೆ ಹೊಡಿತಾರಲ್ಲ, ರೋಗ ಬರೂದರಾಗ,
ಹಂಗೇನು?"
ಹಂಗ, ಯಾಡಿ. ಹಂಗ.
"ಮತ್ತ ಇಷ್ಟ ದಿನ ನನಗ್ಯಾಕ ಹೊಡೀಲಿಲ್ಲ?"

ಡಾಕ್ಟರು ಬರದ್ರು.
ಮಾರಿ ಎತ್ತಿ ಅಕಿನ್ನ ನೋಡಿದ್ರು ಕೂಡ.
ಕಪಾಟಿನಾಗ ಇದ್ದದ್ದು ಹತ್ತ ಗುಳಿಗಿ.
ಹೋದ ವರ್ಷ ಖರ್ಚಾಗಿಲ್ಲಂತ ಈ ವರ್ಷ ಕಡಿಮಿ ಕಳಿಸ್ಯಾರ.
ಹತ್ತೂ ಕೊಟ್ಟೆ. ಸೆರಗಿನ ತುದಿಗೆ ಗಂಟು ಹಾಕಿದಳು.
ಅಕಿ ಬೆರಳಿನ ಮಣೂಕದ ಅಂಟು
ನನ್ನ ಕಿಟಕಿಯ ಕಟ್ಟಿಗಿಗೆ ಹತ್ತಿತು.

ಪಾಳಿ ಇನ್ನೂ ಬಾಗಲಾ ದಾಟಿ ಹೊರಗೈತಿ.
ಮುಂದಿನ ಚೀಟಿ ಒಳಗ ಬರತೈತಿ.
ಈಗೀಗ ಹೆಸರು ಓದೂದರಾಗ ಸಾಲು ಎಣಸ್ತೀನಿ.
ಎಣಸಿದ ಮ್ಯಾಲೆ
ಹೆಸರು ಓದೂದು ಬೇಕಾಗೂದಿಲ್ಲ.