ಬಾರದಾನ

ಲಾರಿ ಮೊದಲು ಖಾಲಿ ನಿಲ್ತದ, ಆಮ್ಯಾಲ ತುಂಬಿ ನಿಲ್ತದ.
ನಡುವಿನ ಲೆಕ್ಕ ನಂದು.
ಕಲಬುರಗಿ ಗಂಜಿನಾಗ ಮೂವತ್ತೊಂದು ವರ್ಷ
ನಾ ಬರದದ್ದು ಒಂದೇ ಸಾಲು:
ಒಟ್ಟು ಇಷ್ಟು, ಬಾರದಾನ ಇಷ್ಟು,
ಕಳದು ಉಳದದ್ದು ಇಷ್ಟು.

ಗೋಣಿಗೆ ಒಂದು ಕಿಲೋ ಕಳಿ.
ಹಳೇದಿದ್ರ, ತ್ಯಾಪಿ ಹಚ್ಚಿದ್ದಿದ್ರ, ಮ್ಯಾಲ ನೂರು ಗ್ರಾಂ.
ಆ ನೂರು ಗ್ರಾಂ ಜಗದೇವಿದು.

ಗೋದಾಮಿನ ಹಿಂದ ತಗಡಿನ ನೆರಳು ಸರದಂಗ ತಾನೂ ಸರಕೋತ
ಹರಕ ಚೀಲ ಹೊಲೀತಿದ್ಲು. ದಬ್ಬಣ, ಸುತಳಿ, ಹಲ್ಲು.
ಚೀಲದ ಬಾಯಾಗ ತಲಿ ಹಾಕಿ ಮೂಸಿ ಹೇಳ್ತಿದ್ಲು:
ಇದು ಬೆಲ್ಲ ಕಂಡದ್ದು, ಇರುವಿ ಇನ್ನಾ ಬಿಟ್ಟಿಲ್ಲ;
ಇದು ಬ್ಯಾಡಗಿ ಮೆಣಸಿನಕಾಯಿ,
ಇದರಾಗ ತೊಗರಿ ತುಂಬಿದ್ರ ಮುಂಬೈದಾಗ ಯಾರೋ ಸೀನ್ತಾರ;
ಇದು ಔಷಧಿ ಹಚ್ಚಿದ ಬಿತ್ತನಿ ಬೀಜದ್ದು,
ಆಕಡಿ ಒಗೀರಿ, ತಿನ್ನೂದರ ಹತ್ರ ಬ್ಯಾಡ.
ನನ್ನ ನಾತ ಹೆಂಗದ ಅಂತ ಕೇಳಿದ್ರ
'ಶಾಯಿ. ಬರೇ ಶಾಯಿ. ಹೋಗು.'

ಚೀಲದ ಮ್ಯಾಲ ಮಾರ್ಕಾ ಹೊಡಿಯಾವ ಲಾಡ್ಲೇಸಾಬ.
ತಗಡು ಕೊರದ ಅಚ್ಚು, ಚಿಮಣಿ ಎಣ್ಣಿ ಬೆರಸಿದ ಕರಿ ಬಣ್ಣ:
ಛತ್ರಿ, ಬಾಣ, ಕಾಜಿನ ಗ್ಲಾಸು.
ಒಂದಿನ ನಲವತ್ತು ಚೀಲ ತೊಗರಿಬ್ಯಾಳಿಗೆ
ಗ್ಲಾಸೇ ಹೊಡದುಬಿಟ್ಟ.
ಸಾವಕಾರ ಓಡಿ ಬಂದು,
'ಬ್ಯಾಳಿ ಮೊದಲೇ ಒಡದದ್ದಲೋ ಹುಚ್ಚಾ,
ಒಡದದ್ದಕ್ಕ ಎಲ್ಲೀ ನಾಜೂಕು?'
ವಾರಗಟ್ಲೆ ನಕ್ಕಿವಿ.

ಆಮ್ಯಾಲ ಪ್ಲಾಸ್ಟಿಕ್ ಚೀಲ ಬಂತು.
ನೂರು ಗ್ರಾಂ ಕಳಿ, ಮುಗೀತು.
ಬಾಯಿ ಹೊಲಿಯೂದು ಮಷಿನ್ನು,
ಒಂದು ದಾರ ಜಗ್ಗಿದ್ರ ಪೂರಾ ಹೊಲಿಗಿ ಸರ್ರಂತ ಬಿಚ್ಚತದ.
ಒಂದು ಟನ್ನಿನ ಚೀಲ ಬಂತು, ಅದಕ್ಕ ನಾಕು ಕಿವಿ;
ಮಾಸ್ತರ ಹಿಡದಂಗ ಕಿವಿ ಹಿಡದೇ ಎತ್ತತಾರ.
ಅರ್ಧ ಕಿಲೋದ ಪೊಟ್ಟಣ ಬಂತು,
ಮ್ಯಾಲ ನಗೋ ಹೆಂಗಸಿನ ಫೋಟೋ,
ಅಕಿ ತೂಕ ಮೂರು ಗ್ರಾಂ.
ಅದನ್ನ ಕಾಟಾನೇ ಕಳಕೋತದ, ನನ್ನ ಕೇಳೂದಿಲ್ಲ.

ಜಗದೇವಿ ಈಗ ಕಪನೂರದಾಗ ಡಬ್ಬಿ ನಿಲ್ಲಸ್ತಾಳ.
ಚಪ್ಪಟಿ ಬರ್ತಾವ ರಟ್ಟು, ಮಡಚಿ, ಪಟ್ಟಿ ಅಂಟಿಸಿ
ನೆಟ್ಟಗ ನಿಲ್ಲಿಸಿ ಮುಂದ ತಳ್ಳಬೇಕು.
'ಮೂಸಿದೆ,' ಅಂದ್ಲು ಒಂದ್ಸಲ,
'ಎಲ್ಲಾವೂ ಒಂದೇ ಊರಿನವು. ಗೋಂದಿನ ಊರು.'

ಹೋದ ಮಾಘದಾಗ ರಾತ್ರಿ ಹನ್ನೊಂದಕ್ಕ ಅಕಿ ಫೋನು.
ಮಗಳು ಹಡದಾಳ. ಎರಡೂವರಿ ಕಿಲೋ ಅಂತ ಬರಕೊಂಡು
ನಾಳಿಗೆ ಮನಿಗೆ ಹೋಗ್ರಿ ಅಂದಾರ.
'ಸುತ್ತಿದ್ದು ಸುತ್ತಿದ್ದಂಗೇ ತೂಗ್ಯಾರ.
ಅರ್ಧ ಇಳಕಲ್ ಸೀರಿ, ನಾಕು ಮಡಿಕಿ, ಮ್ಯಾಲ ಕುಂಚಗಿ.
ಎಷ್ಟು ಕಳೀಬೇಕು?'

ನಾ ಕಣ್ಣು ಮುಚ್ಚಿದೆ. ಅಂಗೈ ಮ್ಯಾಲ ಇಟಗೊಂಡಂಗ ನೆನದೆ.
'ನಾನೂರು.'

ಆಚಿಕಡಿ ಉಸುರು.
ಆಮ್ಯಾಲ ಚಪ್ಪಲಿ ಸಪ್ಪಳ, ದೂರ ದೂರ.

ನರ್ಸಿನ್ನ ಎಬ್ಬಿಸಿ, ಬೈಸಿಕೊಂಡು,
ಬರೇ ಮೈಲೆ ತೂಗಿಸ್ಯಾಳ. ಎರಡು ಕಿಲೋ ತೊಂಬತ್ತು ಗ್ರಾಂ.
ಹತ್ತು ಗ್ರಾಂ ತಪ್ಪಿದ್ದೆ.

ಇಪ್ಪತ್ತೊಂದು ದಿನ ಕಾಜಿನ ಪೆಟ್ಟಿಗ್ಯಾಗ ಇತ್ತು ಕೂಸು.
ಲಾಡ್ಲೇಸಾಬ ನೋಡಾಕ ಬಂದ.
ಆ ಮುದುಕ, ಬಾಯಿ ಮುಚ್ಚಿದವನೇ ಅಲ್ಲ,
ಹೊರಗಿನ ಕಾಜಿಗೆ ಬಟ್ಟು ಹಚ್ಚಿ ನಿಂತ.
ಬಟ್ಟಿನ ಕರಿ ಬಣ್ಣ ಆ ಕಾಜಿಗೆ ಹತ್ತಿತು.
ಒರಸಲಿಲ್ಲ ಯಾರೂ.

ಮನಿಗೆ ಒಯ್ಯೂ ದಿನ ನನ್ನನ್ನೂ ಕರದಿದ್ಲು.
ಕಿಸೆದಾಗ ಪೆನ್ನಿತ್ತು, ತಗೀಲಿಲ್ಲ.
ಅದೇ ಸೀರಿ, ಅದೇ ಕುಂಚಗಿ.
ಜಗದೇವಿ ಕೂಸಿನ ನೆತ್ತಿಗೆ ಮೂಗು ಹಚ್ಚಿ
ಬಾಳೊತ್ತು ಹಂಗೇ ಇದ್ಲು.
ಯಾವ ಊರಿಂದು ಅಂತ ನಾ ಕೇಳಲಿಲ್ಲ,
ಅಕಿ ಹೇಳಲೂ ಇಲ್ಲ.