ಆರನೆಯ ಕಂತು

ಐದು ಕಂತು ನಾನವನ ಕಣ್ಣನ್ನಷ್ಟೇ ನೋಡಿದ್ದೆ.
ಕತ್ತಿಗಿಂತ ಮೊದಲು ಅಲ್ಲಿ ಏನೋ ಮಿಸುಕುತ್ತದೆ,
ಅದನ್ನು ನಂಬಿ ಬದುಕಿದ್ದೆ.

ಇವತ್ತು, ಸೋಫಿಯಾದ ಹೊರವಲಯದಲ್ಲಿ,
ಲಾರಿಯಲ್ಲಿ ತಂದು ಸುರಿದ ಮರಳಿನ ಮೇಲೆ
ನಿರ್ದೇಶಕಿ ಅಂದಳು: ಬೆನ್ನಿಗೆ ಬೆನ್ನು.

ಬೆನ್ನು ತೋರಿಸಬಾರದೆಂದೇ ಕಲಿತ ಗ್ಲಾಡಿಯೇಟರುಗಳು;
ಮೊದಲ ಟೇಕಿನಲ್ಲಿ ಇಬ್ಬರೂ ತಿರುಗಿ ನೋಡಿದೆವು.
ಎರಡನೆಯದರಲ್ಲೂ.

ಯಾವೋರ್ ಎಡಗೈಯವ.
ಅವನ ರಬ್ಬರ್ ಕತ್ತಿ ನನ್ನ ಮೊಣಕೈಗೆ ಬಡಿಯಿತು.
ಕ್ಷಮಿಸು ಅಂದ, ಪಾತ್ರ ಬಿಟ್ಟು.
ನಮ್ಮ ಸಿಟ್ಟು ಸ್ಕ್ರಿಪ್ಟಿನದಲ್ಲ:
ನನ್ನ ಪಾತ್ರ ಮೊದಲು ಅವನದಾಗಿತ್ತು.

ಏಳನೆಯ ಟೇಕಿಗೆ ಚಳಿಯಲ್ಲಿ ನಡುಗಿದ್ದು
ಅವನೋ ನಾನೋ ತಿಳಿಯಲಿಲ್ಲ.
ಅವನು ಉಸಿರೆಳೆದ, ನನ್ನ ಕತ್ತಿ ಎದ್ದಿತು.

ಕಟ್ ಅಂದಮೇಲೂ ಕದಲಲಿಲ್ಲ.
ಬೆನ್ನು ಬೆಚ್ಚಗಿತ್ತು.
ಕಂಬಳಿ ತಂದ ಹುಡುಗಿ
ಸುಮ್ಮನೆ ಕಾದಳು.