ಕಾಗದದ ಪಾದ

ಆಗಸ್ಟ್ ಕಳೆಯುತ್ತ ಬಂತೆಂದರೆ
ಎಂಗಾಡಿನ್ ಕಣಿವೆಯ ಗಂಡಸರಿಗೆಲ್ಲ ಒಮ್ಮೆಲೇ
ತಮಗೆ ಕಾಲಿರುವುದು ನೆನಪಾಗುತ್ತದೆ.
ವರ್ಷವಿಡೀ ಟ್ರ್ಯಾಕ್ಟರಿನ ಪೆಡಲಿಗೆ, ಬ್ಯಾಂಕಿನ ಮೇಜಿನಡಿಗೆ
ಒತ್ತೆಯಿಟ್ಟ ಪಾದಗಳನ್ನು ಬಿಡಿಸಿಕೊಂಡು
ನನ್ನ ಅಂಗಡಿಗೆ ತರುತ್ತಾರೆ.
ಬೇಟೆಗೆ ಇನ್ನು ಹತ್ತೇ ದಿನ.

ಡೂರಿ ಬಂದದ್ದು ಸಂಜೆ ಐದಕ್ಕೆ.
ಬೂಟು ಕೊಳ್ಳಲು ಅದೇ ಸರಿಯಾದ ಹೊತ್ತು. ಬೆಳಗಿನ ಪಾದ ಸುಳ್ಳು ಹೇಳುತ್ತದೆ,
ದಿನವಿಡೀ ನಿಂತು ಊದಿಕೊಂಡ ಮೇಲೆಯೇ ಅದರ ನಿಜವಾದ ಅಳತೆ.
ಎಡಗಾಲು ಊರುವ ಬಗೆಯಲ್ಲೇ ಗೊತ್ತಾಯಿತು,
ಹೋದ ಸೆಪ್ಟೆಂಬರಿನ ಪೆಟ್ಟು ಇನ್ನೂ ಬೈಯುತ್ತಿದೆ.

ಕೂತುಕೋ, ಎಂದೆ. ಸಾಕ್ಸು ತಂದಿದ್ದೀಯ?
ದಪ್ಪನೆಯ ಉಣ್ಣೆಯದು, ಬೆಟ್ಟಕ್ಕೆ ಹಾಕುವಂಥದೇ?
ಅವನು ಕೂರಲಿಲ್ಲ.
ಕೋಟಿನ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು
ಗಲ್ಲಾದ ಮೇಲೆ ಬಿಡಿಸಿದ.
ಒಂದು ಮಗ್ಗುಲಲ್ಲಿ ಈ ಸಾಲಿನ ಬೇಟೆಯ ಕಾನೂನು,
ಹಾಲೂಡುವ ತಾಯಿಯನ್ನು ಹೊಡೆಯಕೂಡದು, ಇತ್ಯಾದಿ.
ಇನ್ನೊಂದು ಮಗ್ಗುಲಲ್ಲಿ ಪೆನ್ಸಿಲಿನಿಂದ ಸುತ್ತು ಗೆರೆ ಎಳೆದ
ಒಂದು ಜೊತೆ ಪಾದ. ಸಣ್ಣವು.

ಸೆರೈನಾಳದು, ಎಂದ. ಮೊಮ್ಮಗಳು.
ಪರೀಕ್ಷೆ ಪಾಸಾಗಿದ್ದಾಳೆ, ಮೊದಲ ಪರವಾನಗಿ.
ಗೊತ್ತಾಗಬಾರದೆಂದು
ಸೋಫಾದಲ್ಲಿ ನಿದ್ದೆಹೋದಾಗ ಅಂಗಾಲಿಗೆ ಕಾಗದ ಆನಿಸಿ ಬರೆದುಕೊಂಡೆ.
ಕಚಗುಳಿಯಾಗಿ ಒಮ್ಮೆ ಒದ್ದಳು. ನೋಡು, ಇಲ್ಲಿ.

ಕಿರುಬೆರಳ ಬಳಿ ಗೆರೆ ಹಾರಿ
ಕಾಗದದ ಅಂಚಿನಾಚೆ ಹೋಗಿತ್ತು.

ಪಾದವೇನೋ ಇದೆ ಡೂರಿ. ಹರಡು ಎಲ್ಲಿ?
ಕಾಗದಕ್ಕೆ ಹರಡು ಇರುವುದಿಲ್ಲ.
ಕಾಲು ಉಳುಕುವುದು ನೆಲ ಮುಟ್ಟುವ ಕಡೆಯಲ್ಲ,
ಅದಕ್ಕಿಂತ ನಾಲ್ಕು ಬೆರಳು ಮೇಲೆ,
ನಿನ್ನ ಪೆನ್ಸಿಲು ಸುತ್ತಲಾಗದ ಕಡೆ.

ಅವನು ತನ್ನ ಎಡಗಾಲನ್ನೇ ನೋಡುತ್ತ ನಿಂತ.
ಕಣಿವೆಗೆಲ್ಲ ಗೊತ್ತಿರುವ ಕಥೆ:
ಕಾಡುಮೇಕೆ ಹೆಗಲ ಮೇಲೆ, ಕೆಳಗೆ ಕದಲುವ ಜಲ್ಲಿಯ ಇಳಿಜಾರು,
ಕಾಲಲ್ಲಿ ಗಿಡ್ಡ ಬೂಟು, ಹಗುರವೆಂದು ಬೇರೆಲ್ಲೋ ಕೊಂಡದ್ದು.
ಗೊತ್ತಿಲ್ಲದ್ದನ್ನು ಈಗ ಹೇಳಿದ.
ನೋವಲ್ಲ ಉರ್ಸಿನಾ. ಮೇನ್ ನನ್ನನ್ನು ಹೊತ್ತ.
ಇಬ್ಬರನ್ನೂ ಹೊರಲಾಗಲಿಲ್ಲ ಅವನಿಂದ.
ಮೇಕೆಯನ್ನು ಕಲ್ಲಿನ ಮೇಲೇ ಬಿಟ್ಟು ಬಂದೆವು,
ಬಾಯಲ್ಲಿಟ್ಟ ಕೊನೆಯ ತುತ್ತಿನ ಹಸಿರು ಚಿಗುರಿನ ಸಮೇತ.
ಮರುದಿನಕ್ಕೆ ಅದು ಕಾಗೆಗಳದ್ದಾಗಿತ್ತು.
ಕೊಂದದ್ದನ್ನು ಮನೆಗೆ ತರಬೇಕು ಅಂತ
ನಾನೇ ಅವಳಿಗೆ ಕಲಿಸಿದ್ದೆ.

ಇದಕ್ಕೇನು ಹೇಳುವುದು. ನಾಳೆ ಕರಕೊಂಡು ಬಾ, ಎಂದೆ,
ಕಾಲಿಲ್ಲದೆ ನಾನು ಬೂಟು ಮಾರುವುದಿಲ್ಲ.

ಬಂದಳು. ಹತ್ತೊಂಬತ್ತು ವಯಸ್ಸು, ಎರಡು ಜಡೆ,
ಚಪ್ಪಲಿಯಲ್ಲಿ ಓಡಾಡಿ ಒಡೆದ ಹಿಮ್ಮಡಿ.
ಮೂರು ಜೊತೆ ಬಿಚ್ಚಿಸಿದೆ. ಮೊದಲನೆಯದು ಅವಳಿಗೆ ಇಷ್ಟವಾಯಿತು,
ಕೆಂಪು ದಾರವಿತ್ತು. ನಾನು ಒಪ್ಪಲಿಲ್ಲ.
ನಾಲ್ಕನೆಯದರ ತೊಗಲು ಗಿಣ್ಣನ್ನು ಮುಳುಗಿಸಿ
ಇನ್ನೂ ಅಂಗೈಯಗಲ ಮೇಲೇರಿತು.
ಒಳಗೆ ಬೆರಳು ಆಡಬೇಕು, ಹಿಮ್ಮಡಿ ಆಡಬಾರದು;
ಹಿಡಿಯಬೇಕು, ಹಿಚುಕಬಾರದು.
ರಾತ್ರಿಯೂ ಮನೆಯೊಳಗೆ ಹಾಕಿಕೊಂಡೇ ಓಡಾಡು,
ಹತ್ತು ದಿನ ಸಾಲದು, ಆದರೂ.

ಅಂಗಡಿಯ ಹಿಂದೆ ಲಾರ್ಚ್ ಹಲಗೆಯ ಇಳಿಜಾರೊಂದಿದೆ.
ಹತ್ತಿ ಇಳಿದಳು. ಚೆನ್ನಾಗಿದೆ, ಎಂದಳು.
ಆಗ ಡೂರಿ ನನ್ನನ್ನೂ ಕೇಳದೆ
ಮೂಲೆಯಲ್ಲಿದ್ದ ದನದ ಉಪ್ಪಿನ ಮೂಟೆ ಎತ್ತಿ
ಅವಳ ಹೆಗಲಿಗೆ ಹಾಕಿದ, ಇಪ್ಪತ್ತು ಕಿಲೋ.
ಈಗ ಇಳಿ.

ಹಲಗೆ ನರಳಿತು. ನಾನು ಬಗ್ಗಿ ಹರಡನ್ನೇ ನೋಡುತ್ತಿದ್ದೆ:
ತೊಗಲು ಒಂದು ಕಡೆ ಸುಕ್ಕಾಗಿ, ತಡೆದು, ನೆಟ್ಟಗಾಯಿತು.

ಕೆಳಗೆ ಬಂದು ಅಜ್ಜನ ಮುಖ ನೋಡಿದಳು,
ಆಮೇಲೆ ಅವನ ಎಡಗಾಲು ನೋಡಿದಳು.
ಮೂಟೆ ಇಳಿಸದೆ ನನ್ನತ್ತ ತಿರುಗಿ,
ಇಂಥದೇ ಇನ್ನೂ ಮೂರು ಇವೆಯಾ, ಎಂದಳು.

ಇರಲಿಲ್ಲ. ಬಿಲ್ಲು ಬರೆದೆ.